ಒಬ್ಬ ರೈತನ ಕೈಯಲ್ಲಾಗದ ಕೆಲಸ: ಮಣ್ಣು, ನೀರು ಉಳಿಸಲು ಒಂದಿಡೀ ಸೀಮೆ ಕೈಜೋಡಿಸುವ ಬಗೆ

ಗುಡ್ಡದ ಮೇಲಿನ ರೈತ ಮರ ಕಡಿದ. ಕೆಲವು ದಶಕ ಕಳೆದ ಮೇಲೆ ತಗ್ಗಿನ ರೈತನ ಹೊಲದಲ್ಲಿ ಉಪ್ಪು ಮೇಲೆದ್ದಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಎಷ್ಟೋ ಕಡೆ ನಡೆದದ್ದು ಇದೇ.

ಅಲ್ಲಿ ನೆಲದ ಆಳದಲ್ಲಿ ಸಾವಿರಾರು ವರ್ಷಗಳಿಂದ ಉಪ್ಪು ಸೇರಿಕೊಂಡಿದೆ. ಹಿಂದೆ ಅಲ್ಲೆಲ್ಲ ನೀಲಗಿರಿ ಜಾತಿಯ ಕಾಡು ಇತ್ತು. ಆ ಮರಗಳ ಬೇರು ಆಳಕ್ಕಿಳಿದು, ಬಿದ್ದ ಮಳೆಯ ಬಹುಪಾಲನ್ನು ವರ್ಷವಿಡೀ ಹೀರಿಕೊಳ್ಳುತ್ತಿತ್ತು. ಅಂತರ್ಜಲಕ್ಕೆ ಹೆಚ್ಚು ನೀರು ಸೇರುತ್ತಿರಲಿಲ್ಲ, ಉಪ್ಪು ಇದ್ದಲ್ಲೇ ಇರುತ್ತಿತ್ತು. ಯುರೋಪಿನಿಂದ ಬಂದು ನೆಲೆಸಿದವರು ಕಾಡು ಕಡಿದು ಗೋಧಿ ಬಿತ್ತಿದರು, ಕುರಿಗಳಿಗೆ ಹುಲ್ಲುಗಾವಲು ಮಾಡಿದರು. ಗೋಧಿಯ ಬೇರು ಅಷ್ಟು ಆಳಕ್ಕೆ ಹೋಗುವುದಿಲ್ಲ. ಅದು ಹೊಲದಲ್ಲಿ ನಿಲ್ಲುವುದೂ ಕೆಲವೇ ತಿಂಗಳು. ಮಿಕ್ಕ ನೀರು ಕೆಳಗಿಳಿಯಿತು. ಅಂತರ್ಜಲ ವರ್ಷ ವರ್ಷ ಸ್ವಲ್ಪ ಸ್ವಲ್ಪ ಮೇಲೆ ಬಂತು, ಬರುವಾಗ ಉಪ್ಪನ್ನೂ ಕರಗಿಸಿಕೊಂಡು ಬಂತು. ತಗ್ಗಿನ ಜಾಗದಲ್ಲಿ ನೀರು ಬಿಸಿಲಿಗೆ ಆರಿ, ಉಪ್ಪು ನೆಲದ ಮೇಲೆ ಉಳಿಯಿತು. ಮೊದಲು ಬೆಳೆ ಸೊರಗುತ್ತದೆ. ಆಮೇಲೆ ಉಪ್ಪು ತಡೆಯುವ ಒರಟು ಹುಲ್ಲು ಮಾತ್ರ ಉಳಿಯುತ್ತದೆ. ಕೊನೆಗೆ ಅದೂ ಹೋಗಿ ಬೆಳ್ಳಗಿನ ಬೋಳು ನೆಲ.

ಏನು ಮಾಡಬೇಕು ಅನ್ನುವುದು ಗೊತ್ತಿತ್ತು. ಮೇಲಿನ ಇಳಿಜಾರಿನಲ್ಲಿ ಮತ್ತೆ ಮರ ಬೆಳೆಸಬೇಕು, ಆಳಕ್ಕೆ ಬೇರು ಬಿಡುವ ಮೇವಿನ ಬೆಳೆ ಹಾಕಬೇಕು. ಆದರೆ ಮೇಲಿನವನ ಹೊಲದಲ್ಲಿ ಉಪ್ಪೇ ಇಲ್ಲ, ಅವನ ಬೆಳೆ ಚೆನ್ನಾಗೇ ಬರುತ್ತಿದೆ. ಅವನು ಯಾಕೆ ಜಾಗ ಬಿಟ್ಟುಕೊಟ್ಟು, ಕೈಯಿಂದ ದುಡ್ಡು ಹಾಕಿ ಮರ ನೆಡಬೇಕು? ಕೆಳಗಿನವನು ತನ್ನ ಹೊಲದಲ್ಲಿ ಎಷ್ಟು ಬೆವರು ಸುರಿಸಿದರೂ ಪ್ರಯೋಜನವಿಲ್ಲ, ಯಾಕೆಂದರೆ ತೊಂದರೆ ಹುಟ್ಟುವ ಜಾಗ ಅವನದ್ದಲ್ಲ.

ಭೂಮಿ ಉಳಿಸುವ ಪ್ರಾದೇಶಿಕ ಸಹಭಾಗಿತ್ವಗಳು ಹುಟ್ಟಿರುವುದು ಇಂಥ ಬಿಕ್ಕಟ್ಟಿನಿಂದ. ಒಂದು ಹೊಳೆ, ಒಂದು ಕಣಿವೆ ಅಥವಾ ಒಂದೇ ಅಂತರ್ಜಲವನ್ನು ನಂಬಿ ಬದುಕುವವರೆಲ್ಲ ಕೂತು ಮಾತಾಡಿ ಒಪ್ಪಂದಕ್ಕೆ ಬರುತ್ತಾರೆ. ರೈತರು ಇರುತ್ತಾರೆ. ಕೆಳಗಿನ ಊರು, ಪಟ್ಟಣದವರು ಇರುತ್ತಾರೆ. ನೀರು ಸರಬರಾಜು ಮಾಡುವವರು, ಕೃಷಿ ಇಲಾಖೆ, ವಿಜ್ಞಾನಿಗಳು, ಪರಿಸರ ಸಂಘಟನೆಗಳು ಸೇರುತ್ತವೆ. ಯಾರು ಏನು ಮಾಡಬೇಕು, ಅದರ ಖರ್ಚು ಯಾರದ್ದು, ಕೆಲಸ ಆಗಿದೆಯೋ ಇಲ್ಲವೋ ಎಂದು ನೋಡುವವರು ಯಾರು, ಇಷ್ಟನ್ನು ಬರೆದುಕೊಳ್ಳುತ್ತಾರೆ.

ವಿಕ್ಟೋರಿಯಾದಲ್ಲಿ ಇದಕ್ಕೆ ಚಾಲನೆ ಕೊಟ್ಟವರು ಇಬ್ಬರು ಹೆಣ್ಣುಮಕ್ಕಳು. ಜೋನ್ ಕರ್ನರ್ ಆಗ ಅಲ್ಲಿನ ಸರ್ಕಾರದಲ್ಲಿ ಪರಿಸರ ಮತ್ತು ಅರಣ್ಯ ನೋಡಿಕೊಳ್ಳುತ್ತಿದ್ದ ಸಚಿವೆ. ಹೆದರ್ ಮಿಚೆಲ್ ರಾಜ್ಯದ ರೈತ ಒಕ್ಕೂಟದ ಅಧ್ಯಕ್ಷೆ. ಸಾಮಾನ್ಯವಾಗಿ ಎದುರುಬದುರು ನಿಲ್ಲುವ ಎರಡು ಪಾಳಯಗಳು ಇವು. ಇಬ್ಬರೂ ಸೇರಿ 1986ರಲ್ಲಿ ಲ್ಯಾಂಡ್‌ಕೇರ್ ಶುರು ಮಾಡಿದರು. ಒಂದು ತೊರೆಯ ಅಕ್ಕಪಕ್ಕದ ರೈತರೆಲ್ಲ ಒಂದು ಗುಂಪು. ಆ ಗುಂಪು ಕಣಿವೆಯ ಇಡೀ ನಕ್ಷೆ ಮುಂದಿಟ್ಟುಕೊಂಡು, ಎಲ್ಲಿ ಮರ ನೆಟ್ಟರೆ ಎಲ್ಲರಿಗೂ ಅನುಕೂಲ ಎಂದು ತೀರ್ಮಾನಿಸುತ್ತದೆ. ಗಿಡ ನೆಡುವುದು, ಬೇಲಿ ಹಾಕುವುದು ಎಲ್ಲರ ಕೆಲಸ. ಮೂರೇ ವರ್ಷದಲ್ಲಿ ಇದು ದೇಶದ ಮಟ್ಟಕ್ಕೆ ಹೋಯಿತು. ರಾಷ್ಟ್ರೀಯ ರೈತ ಒಕ್ಕೂಟದ ರಿಕ್ ಫಾರ್ಲಿ ಮತ್ತು ಪರಿಸರ ಸಂಘಟನೆಯ ಫಿಲಿಪ್ ಟಾಯ್ನ್ ಜೊತೆಯಾಗಿ ಸರ್ಕಾರದ ಮುಂದೆ ನಿಂತರು. ಪ್ರಧಾನಿ ಬಾಬ್ ಹಾಕ್ 1989ರಲ್ಲಿ ಹತ್ತು ವರ್ಷಕ್ಕೆ 32 ಕೋಟಿ ಆಸ್ಟ್ರೇಲಿಯನ್ ಡಾಲರ್ ಘೋಷಿಸಿದರು. ರೈತ ಸಂಘ ಒಂದೇ ಕೇಳಿದ್ದರೆ, ಅಥವಾ ಪರಿಸರದವರು ಮಾತ್ರ ಕೇಳಿದ್ದರೆ ಇಷ್ಟು ಬೇಗ ಆಗುತ್ತಿತ್ತು ಅಂತ ನನಗನಿಸುವುದಿಲ್ಲ.

ಗಾಳಿಗೆ ಗಡಿ ಎಲ್ಲಿದೆ?

ಈ ಯೋಚನೆ ಇನ್ನೂ ಹಳೆಯದು. 1930ರ ದಶಕದ ಹೊತ್ತಿಗೆ ಅಮೆರಿಕದ ಬಯಲುನಾಡಿನಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಹಾಕಿದ್ದರು. ಬರ ಬಂತು. ಹಿಡಿದಿಡುವ ಬೇರಿಲ್ಲದ ಮೇಲ್ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳಲ್ಲಿ ಎದ್ದ ಧೂಳು ಪೂರ್ವ ಕರಾವಳಿಯ ನಗರಗಳನ್ನು ದಾಟಿ, ಅಟ್ಲಾಂಟಿಕ್‌ ಸಮುದ್ರದಲ್ಲಿದ್ದ ಹಡಗುಗಳ ಮೇಲೂ ಬಿತ್ತು. ಪಕ್ಕದ ಹೊಲದವನು ನೆಲವನ್ನು ಬೋಳಾಗಿ ಬಿಟ್ಟರೆ ಅವನ ಮಣ್ಣು ನಿನ್ನ ಬೆಳೆಯ ಮೇಲೆ ಬಂದು ಬೀಳುತ್ತದೆ. ನೀನೊಬ್ಬ ಎಷ್ಟು ಎಚ್ಚರವಾಗಿದ್ದು ಏನು ಮಾಡುವುದು?

ಮಣ್ಣಿನ ವಿಜ್ಞಾನಿ ಹ್ಯೂ ಹ್ಯಾಮಂಡ್ ಬೆನೆಟ್ ಹಲವು ವರ್ಷಗಳಿಂದ ಇದನ್ನೇ ಹೇಳುತ್ತಾ ಬಂದಿದ್ದರು. 1935ರಲ್ಲಿ ಮಣ್ಣು ಸಂರಕ್ಷಣೆಗೆ ಕಾನೂನು ಬಂತು, ಒಂದು ಇಲಾಖೆಯೂ ಬಂತು, ಬೆನೆಟ್ ಅದರ ಮುಖ್ಯಸ್ಥರಾದರು. ಆದರೆ ರಾಜಧಾನಿಯಲ್ಲಿ ಕೂತ ಇಲಾಖೆ ಲಕ್ಷಾಂತರ ರೈತರ ಮನೆ ಬಾಗಿಲಿಗೆ ಹೋಗುವುದು ಹೇಗೆ? ಅಧ್ಯಕ್ಷ ರೂಸ್‌ವೆಲ್ಟ್ 1937ರಲ್ಲಿ ಎಲ್ಲ ರಾಜ್ಯಗಳ ಗವರ್ನರ್‌ಗಳಿಗೆ ಒಂದು ಮಾದರಿ ಕಾನೂನು ಕಳಿಸಿಕೊಟ್ಟರು. ಸ್ಥಳೀಯ ರೈತರೇ ಸೇರಿ ತಮ್ಮ ಸೀಮೆಗೆ ಒಂದು ಮಣ್ಣು ಸಂರಕ್ಷಣಾ ಜಿಲ್ಲೆ ಮಾಡಿಕೊಳ್ಳಬಹುದು, ಅದರ ಮಂಡಳಿಯಲ್ಲಿ ಅವರದೇ ಜನ ಇರಬಹುದು. ಇಲಾಖೆ ತಂತ್ರಜ್ಞರನ್ನು ಕೊಡುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಉತ್ತರ ಕೆರೊಲಿನಾದ ಬ್ರೌನ್ ಕ್ರೀಕ್‌ನಲ್ಲಿ ಮೊದಲನೆಯದು ಶುರುವಾಯಿತು. ಬೆನೆಟ್ ಹುಟ್ಟಿ ಬೆಳೆದದ್ದೂ ಅದೇ ಸೀಮೆಯಲ್ಲಿ. ಇವತ್ತು ಆ ದೇಶದಲ್ಲಿ ಇಂಥ ಸುಮಾರು 3000 ಜಿಲ್ಲೆಗಳಿವೆ.

ನಗರ ದುಡ್ಡು ಕೊಡುತ್ತದೆ, ಹಳ್ಳಿ ನೀರು ಕಾಯುತ್ತದೆ

ಸಹಭಾಗಿತ್ವ ಹೇಗೆ ಕೆಲಸ ಮಾಡುತ್ತದೆ ಎಂದು ಒಂದೇ ಉದಾಹರಣೆಯಲ್ಲಿ ಹೇಳು ಅಂದರೆ ನಾನು ಹೇಳುವುದು ನ್ಯೂಯಾರ್ಕ್ ನಗರದ ಕಥೆ. ಅಲ್ಲಿನ ಕುಡಿಯುವ ನೀರಿನ ಸುಮಾರು ಶೇ. 90ರಷ್ಟು ಕ್ಯಾಟ್‌ಸ್ಕಿಲ್ ಮತ್ತು ಡೆಲಾವೇರ್ ಕಣಿವೆಗಳಿಂದ ಬರುತ್ತದೆ. ದೂರದ ಜಲಾಶಯ 200 ಕಿಲೋಮೀಟರ್ ಆಚೆ ಇದೆ. ಕಣಿವೆಯಲ್ಲಿ ಇರುವುದು ಹೆಚ್ಚಾಗಿ ಹೈನುಗಾರಿಕೆ. ಸಣ್ಣ ಸಣ್ಣ ಡೇರಿಗಳು, ಅಂದರೆ ಹಾಲಿಗಾಗಿ ಹಸು ಸಾಕುವ ಹಿಡುವಳಿಗಳು, ಪಕ್ಕದಲ್ಲೇ ತೊರೆ.

1989ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ತಂದಿತು. ಕೆರೆ, ಜಲಾಶಯದ ನೀರು ಕೊಡುವ ನಗರಗಳು ಅದನ್ನು ಶೋಧಿಸಿಯೇ ಕೊಡಬೇಕು. ನೀರು ಬರುವ ಪ್ರದೇಶವನ್ನೇ ಚೊಕ್ಕಟವಾಗಿ ಕಾಯ್ದುಕೊಂಡಿದ್ದೇವೆ ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಶೋಧನಾ ಘಟಕ ಕಟ್ಟಲು ಆಗಿನ ಅಂದಾಜು 600 ಕೋಟಿ ಡಾಲರ್‌ಗೂ ಜಾಸ್ತಿ. ಅದನ್ನು ನಡೆಸುವ ಖರ್ಚು ವರ್ಷ ವರ್ಷ ಬೇರೆ.

ನಗರ ಮೊದಲು ಹಿಡಿದದ್ದು ಸುಲಭದ ದಾರಿ. 1990ರಲ್ಲಿ ಕಟ್ಟುನಿಟ್ಟಿನ ನಿಯಮಗಳ ಕರಡು ಹೊರಡಿಸಿತು. ತೊರೆಯ ಪಕ್ಕ ಇಷ್ಟು ದೂರದೊಳಗೆ ಗೊಬ್ಬರ ಹಾಕಬಾರದು, ಅದು ಮಾಡಬಾರದು, ಇದು ಮಾಡಬಾರದು. ರೈತರು ಸಿಡಿದೆದ್ದರು. ಕಿರಿದಾದ ಕಣಿವೆಯಲ್ಲಿ ಒಳ್ಳೆಯ ಭೂಮಿ ಇರುವುದೇ ತೊರೆಯ ಪಕ್ಕ. ಅಷ್ಟು ಜಾಗ ಬಿಟ್ಟರೆ ಡೇರಿ ಮುಚ್ಚಬೇಕು. ಹಳೆಯ ಗಾಯವೂ ಇತ್ತು. ಇದೇ ನಗರ ಜಲಾಶಯ ಕಟ್ಟುವಾಗ ಊರುಗಳನ್ನು ಎಬ್ಬಿಸಿತ್ತು, ಒಪ್ಪದವರ ಭೂಮಿಯನ್ನೂ ಕಾನೂನಿನ ಬಲದಿಂದ ತೆಗೆದುಕೊಂಡಿತ್ತು. ಅದು ಅವರ ಅಜ್ಜ, ಅಪ್ಪಂದಿರ ಕಾಲದ ಮಾತು. ಆದರೆ ಮನೆಮನೆಯಲ್ಲೂ ಅದರ ನೆನಪಿತ್ತು.

ಆಗ ನಗರದ ಜಲ ಇಲಾಖೆ ಒಂದು ಒಳ್ಳೆಯ ಕೆಲಸ ಮಾಡಿತು. ನಿಯಮದ ಮಾತು ಪಕ್ಕಕ್ಕಿಟ್ಟು ರೈತರೊಂದಿಗೆ ಕೂತಿತು. ಸುಮಾರು ಒಂದು ವರ್ಷದ ಮಾತುಕತೆಯ ಕೊನೆಗೆ 1991ರಲ್ಲಿ ಒಂದು ದಾರಿ ಸಿಕ್ಕಿತು. ಸೇರುವುದು ಬಿಡುವುದು ರೈತರ ಇಷ್ಟ. ಕೆಲಸದ ಖರ್ಚು ನಗರದ್ದು. ಕಾರ್ಯಕ್ರಮ ನಡೆಸುವುದು ರೈತರೇ ಮುಂದಾಳತ್ವ ವಹಿಸುವ ಒಂದು ಮಂಡಳಿ. ಆದರೆ ರೈತರ ಕಡೆಯಿಂದಲೂ ಒಂದು ಮಾತು ಬೇಕಿತ್ತು. ಐದು ವರ್ಷದಲ್ಲಿ ಕಣಿವೆಯ ಶೇ. 85ರಷ್ಟು ಡೇರಿಗಳು ಇದಕ್ಕೆ ಸೇರಬೇಕು. ಅಂದರೆ ಒಬ್ಬೊಬ್ಬರಿಗೆ ಸ್ವಾತಂತ್ರ್ಯ, ಒಟ್ಟು ಸಮುದಾಯಕ್ಕೆ ಜವಾಬ್ದಾರಿ. ನನ್ನ ದೃಷ್ಟಿಯಲ್ಲಿ ಈ ಒಪ್ಪಂದದ ಜಾಣತನವೆಲ್ಲ ಇರುವುದು ಇಲ್ಲೇ. ಪಕ್ಕದವನು ಸೇರುವಂತೆ ಮಾಡುವುದು ಅಧಿಕಾರಿಯ ತಲೆನೋವಾಗಿ ಉಳಿಯಲಿಲ್ಲ, ರೈತರದ್ದೇ ಕೆಲಸವಾಯಿತು. ಗುರಿ ಮುಟ್ಟಿದರು, ದಾಟಿದರು ಕೂಡ.

ಹೊಲದಲ್ಲಿ ಏನು ನಡೆಯಿತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಗರಕ್ಕೆ ಮುಖ್ಯವಾಗಿ ಎರಡು ಭಯ. ಒಂದು ಸಗಣಿ ಗೊಬ್ಬರದ ರಂಜಕ. ಅದು ಜಲಾಶಯ ಸೇರಿದರೆ ಪಾಚಿ ಬೆಳೆಯುತ್ತದೆ. ಇನ್ನೊಂದು ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ. ನೀರಿಗೆ ಕ್ಲೋರಿನ್ ಹಾಕಿದರೂ ಅದು ಸುಲಭಕ್ಕೆ ಸಾಯುವುದಿಲ್ಲ. 1993ರಲ್ಲಿ ಮಿಲ್ವಾಕೀ ನಗರದ ಕುಡಿಯುವ ನೀರಿಗೆ ಇದು ಸೇರಿ ಸುಮಾರು 4 ಲಕ್ಷ ಜನ ಹಾಸಿಗೆ ಹಿಡಿದರು. ಹಸುಗಳ ಹಟ್ಟಿಯಲ್ಲಿ ಇದು ಹೆಚ್ಚಾಗಿ ಬರುವುದು ಎಳೆಗರುಗಳಿಂದ. ಹಾಗಾದರೆ ಇಡೀ ಹೊಲವನ್ನು ಬದಲಿಸಬೇಕಾಗಿಲ್ಲ, ಮೊದಲು ಕರುಗಳ ಕೊಟ್ಟಿಗೆ ನೋಡಿದರೆ ಆಯಿತು. ಗಾಳಿ, ಬೆಳಕು ಚೆನ್ನಾಗಿ ಬರುವ, ಒಣಗಿದ, ತೊರೆಯಿಂದ ದೂರವಿರುವ ಕೊಟ್ಟಿಗೆ ಕಟ್ಟಿದರೆ ಕರುವಿನ ಕಾಯಿಲೆಯೂ ಕಡಿಮೆ, ನೀರೂ ಚೊಕ್ಕಟ. ರೈತನಿಗೆ ಬೇಕಾದದ್ದು ಆರೋಗ್ಯವಂತ ಕರು. ನಗರಕ್ಕೆ ಬೇಕಾದದ್ದು ಕಾಯಿಲೆ ಇಲ್ಲದ ನೀರು. ಎರಡೂ ಒಂದೇ ಕೊಟ್ಟಿಗೆಯಲ್ಲಿ ಸಿಕ್ಕಿತು.

ಪ್ರತಿ ಡೇರಿಗೂ ಅದರದ್ದೇ ಯೋಜನೆ ಮಾಡಿದರು. ಸ್ಥಳೀಯ ಮಣ್ಣು ಸಂರಕ್ಷಣಾ ಜಿಲ್ಲೆಯವರು, ಕಾರ್ನೆಲ್ ವಿಶ್ವವಿದ್ಯಾಲಯದ ವಿಸ್ತರಣಾ ತಂಡ, ಕೃಷಿ ಇಲಾಖೆಯ ತಂತ್ರಜ್ಞರು ಮನೆಗೇ ಬಂದು, ರೈತನ ಜೊತೆ ಹೊಲ ಸುತ್ತಿ, ಎಲ್ಲಿ ಗೊಬ್ಬರ ರಾಶಿ ಹಾಕಬೇಕು, ದನಗಳು ತೊರೆ ದಾಟಲು ಎಲ್ಲಿ ಸೇತುವೆ ಬೇಕು, ಯಾವ ಹೊಲಕ್ಕೆ ಈಗಾಗಲೇ ರಂಜಕ ಸಾಕಾಗಿದೆ ಎಂದು ಗುರುತು ಹಾಕಿದರು.

1997ರ ಜನವರಿಯಲ್ಲಿ ನಗರ, ರಾಜ್ಯ, ಕೇಂದ್ರದ ಪರಿಸರ ಸಂಸ್ಥೆ, ಕಣಿವೆಯ ಊರುಗಳು ಮತ್ತು ಪರಿಸರ ಸಂಘಟನೆಗಳು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದವು. ನಗರ ಕಣಿವೆಯಲ್ಲಿ ಭೂಮಿ ಕೊಳ್ಳಬಹುದು, ಆದರೆ ಮಾರಲು ಒಪ್ಪಿದವರಿಂದ ಮಾತ್ರ. ಕೊಂಡ ಭೂಮಿಗೆ ಊರಿಗೆ ತೆರಿಗೆ ಕಟ್ಟಬೇಕು. ಊರುಗಳ ಚರಂಡಿ, ಶೌಚದ ಗುಂಡಿ ಸರಿಪಡಿಸಲು ನಗರ ದುಡ್ಡು ಕೊಡಬೇಕು. ಹತ್ತು ವರ್ಷಕ್ಕೆ ಅಂದಾಜಿಸಿದ್ದ ಖರ್ಚು 150 ಕೋಟಿ ಡಾಲರ್ ಆಸುಪಾಸು. ಶೋಧನಾ ಘಟಕದ ಮುಂದೆ ಇದು ಏನೇನೂ ಅಲ್ಲ. ಆ ಎರಡು ಕಣಿವೆಗಳ ನೀರು ಇವತ್ತಿಗೂ ಶೋಧನಾ ಘಟಕವಿಲ್ಲದೇ ಮನೆಗಳಿಗೆ ಹೋಗುತ್ತಿದೆ. ರೋಗಾಣು ಕೊಲ್ಲಲು ಕ್ಲೋರಿನ್ ಹಾಕಿ, ಅತಿನೇರಳೆ ಬೆಳಕು ಹಾಯಿಸಿ ಬಿಡುತ್ತಾರೆ.

ಮೊದಲು ಕೇಳು, ಆಮೇಲೆ ಹೇಳು

ಫ್ರಾನ್ಸಿನ ವಿಟ್ಟೆಲ್ ಎಂಬಲ್ಲಿ ದುಡ್ಡು ಕೊಟ್ಟದ್ದು ಸರ್ಕಾರ ಅಲ್ಲ, ನೀರಿನ ಬಾಟಲಿ ಕಂಪನಿ. 1980ರ ದಶಕದ ಕೊನೆಗೆ ಅಲ್ಲಿನ ಚಿಲುಮೆಯ ನೀರಿನಲ್ಲಿ ನೈಟ್ರೇಟ್ ಏರುತ್ತಿತ್ತು. ನೈಸರ್ಗಿಕ ಖನಿಜ ನೀರು ಎಂದು ಮಾರುವ ನೀರಿನಿಂದ ನೈಟ್ರೇಟ್ ತೆಗೆಯಲು ಅಲ್ಲಿನ ಕಾನೂನು ಬಿಡುವುದಿಲ್ಲ. ಹಾಗಾಗಿ ಕಂಪನಿಗೆ ಬೇರೆ ದಾರಿ ಇರಲಿಲ್ಲ. ನೈಟ್ರೇಟ್ ಬರುವ ಹೊಲಗಳಿಗೇ ಹೋಗಬೇಕಾಯಿತು.

ಅಲ್ಲಿನ ರೈತರು ದನಗಳಿಗೆ ಮೆಕ್ಕೆಜೋಳದ ಮೇವು ಹಾಕುತ್ತಿದ್ದರು. ಮೆಕ್ಕೆಜೋಳ ಕೊಯ್ದ ಮೇಲೆ ಚಳಿಗಾಲವಿಡೀ ನೆಲ ಖಾಲಿ. ಮಣ್ಣಿನಲ್ಲಿ ಉಳಿದ ಸಾರಜನಕವನ್ನು ಹೀರಲು ಯಾವ ಗಿಡವೂ ಇಲ್ಲ. ಮಳೆ, ಹಿಮದ ನೀರು ಅದನ್ನು ನೈಟ್ರೇಟ್ ರೂಪದಲ್ಲಿ ಸೀದಾ ಅಂತರ್ಜಲಕ್ಕೆ ಇಳಿಸುತ್ತದೆ.

"ಮೆಕ್ಕೆಜೋಳ ಬಿಡಿ, ಇಷ್ಟು ದುಡ್ಡು ತಗೊಳ್ಳಿ" ಅಂದುಬಿಡಬಹುದಿತ್ತಲ್ವಾ? ಅದಕ್ಕೆ ಬದಲು 1989ರಿಂದ ಫ್ರಾನ್ಸಿನ ಕೃಷಿ ಸಂಶೋಧನಾ ಸಂಸ್ಥೆ ಇನ್ರಾದ ವಿಜ್ಞಾನಿಗಳು ಹಲವು ವರ್ಷ ಅಲ್ಲಿನ ರೈತರ ಬದುಕನ್ನೇ ಅಧ್ಯಯನ ಮಾಡಿದರು. ಯಾಕೆ ಹೀಗೆ ಬೇಸಾಯ ಮಾಡುತ್ತೀರಿ, ಸಾಲ ಎಷ್ಟಿದೆ, ಕೆಲಸಕ್ಕೆ ಕೈ ಎಷ್ಟಿವೆ, ಮುಂದೆ ಹೊಲ ನೋಡಿಕೊಳ್ಳುವವರು ಯಾರು ಎಂದು ಕೇಳಿದರು. ಆಗ ಒಂದು ವಿಷಯ ಸ್ಪಷ್ಟವಾಯಿತು. ಮೆಕ್ಕೆಜೋಳ ಬಿಡಲು ರೈತರಿಗೆ ಅಡ್ಡಿಯಾಗಿದ್ದದ್ದು ಭೂಮಿಯ ಸಾಲ, ಕೂಲಿಯ ಕೊರತೆ, ಜಾಗದ ಕೊರತೆ. ಬರೀ ಪರಿಹಾರ ಧನದಿಂದ ಇವು ಯಾವುವೂ ತೀರುವುದಿಲ್ಲ.

1992ರಲ್ಲಿ ಕಂಪನಿ ಅಗ್ರಿವೇರ್ ಎಂಬ ಪ್ರತ್ಯೇಕ ಸಂಸ್ಥೆ ತೆರೆದು ರೈತರ ಜೊತೆ 18ರಿಂದ 30 ವರ್ಷಗಳ ಒಪ್ಪಂದ ಮಾಡಿಕೊಂಡಿತು. ಭೂಮಿಯ ಸಾಲದ ಹೊರೆ ಇಳಿಸಿತು. ತಾನು ಕೊಂಡ ಭೂಮಿಯನ್ನು ಪುಕ್ಕಟೆಯಾಗಿ ಉಳಲು ಕೊಟ್ಟಿತು. ಗೊಬ್ಬರವನ್ನು ಕಾಂಪೋಸ್ಟ್ ಮಾಡಿ ಹೊಲಕ್ಕೆ ಹಾಕುವ ಕೆಲಸವನ್ನೂ ತಾನೇ ಮಾಡಿಸಿಕೊಟ್ಟಿತು. ರೈತರು ಮೆಕ್ಕೆಜೋಳ ಬಿಟ್ಟು ಕುದುರೆಮೆಂತೆ ಮತ್ತು ಹುಲ್ಲಿಗೆ ಬಂದರು, ದನಗಳ ಸಂಖ್ಯೆ ಇಳಿಸಿದರು, ಕೀಟನಾಶಕ ನಿಲ್ಲಿಸಿದರು. 2004ರ ಹೊತ್ತಿಗೆ 26 ಹಿಡುವಳಿಗಳು ಸೇರಿದ್ದವು. ನೀರಿಳಿಯುವ ಪ್ರದೇಶದ ಶೇ. 92ರಷ್ಟು ಈ ಒಪ್ಪಂದದ ಕೆಳಗೆ ಬಂದಿತ್ತು.

ಕಂಪನಿ ಇದನ್ನು ಧರ್ಮಕ್ಕೆ ಮಾಡಲಿಲ್ಲ, ತನ್ನ ವ್ಯಾಪಾರ ಉಳಿಸಿಕೊಳ್ಳಲು ಮಾಡಿತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಎಚ್ಚರ ಬೇಕು. ದುಡ್ಡು ಕೊಡುವವನು ತನಗೆ ಬೇಕಾದದ್ದನ್ನು ಕಾಯುತ್ತಾನೆ. ನೈಟ್ರೇಟ್ ಇಳಿಯಬೇಕು ಅನ್ನುವುದು ಅವನ ಆಸೆ. ಅಂತರ್ಜಲದಿಂದ ಎಷ್ಟು ನೀರು ಎತ್ತಬಹುದು ಅನ್ನುವ ಪ್ರಶ್ನೆಗೆ ಅವನ ಉತ್ತರವೂ ಊರಿನವರ ಉತ್ತರವೂ ಒಂದೇ ಆಗಿರಬೇಕಿಲ್ಲ. ವಿಟ್ಟೆಲ್‌ನಲ್ಲಿ ಮುಂದೆ ಇದೇ ವಿಚಾರಕ್ಕೆ ಜಗಳವೂ ಎದ್ದಿತು.

ಭೂಮಿ ಇಲ್ಲದವರು ಎಲ್ಲಿ ಹೋಗಬೇಕು?

ಒಪ್ಪಂದ ಅಂದಾಗ ಭೂಮಿಯ ಒಡೆಯರು ಮಾತ್ರ ಕೂರುತ್ತಾರೆ. ಗೋಮಾಳದಲ್ಲಿ ಆಡು ಮೇಯಿಸುವವರು, ಸೌದೆ ತರುವ ಹೆಂಗಸರು ಲೆಕ್ಕಕ್ಕೇ ಬರುವುದಿಲ್ಲ. ಅಂಥವರನ್ನೂ ಲೆಕ್ಕಕ್ಕೆ ತಂದು ತೋರಿಸಿದ್ದು ಹರಿಯಾಣದ ಶಿವಾಲಿಕ್ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿ ಎಂಬ ಹಳ್ಳಿ.

ಚಂಡೀಗಢದ ಸುಖ್ನಾ ಕೆರೆ ಕಟ್ಟಿದ್ದು 1958ರಲ್ಲಿ. 1970ರ ದಶಕದ ಹೊತ್ತಿಗೇ ಅದು ಹೂಳಿನಿಂದ ತುಂಬಿಕೊಳ್ಳುತ್ತಿತ್ತು. ಹೂಳು ಬರುತ್ತಿದ್ದದ್ದು ಮೇಲಿನ ಬೋಳು ಗುಡ್ಡಗಳಿಂದ. ಆಡು, ದನ ಮೇಯ್ದು ಮೇಯ್ದು ಅಲ್ಲಿ ಹುಲ್ಲುಕಡ್ಡಿ ಉಳಿದಿರಲಿಲ್ಲ. ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ. ಆರ್. ಮಿಶ್ರಾ ಮತ್ತು ಅವರ ತಂಡ ಅಲ್ಲಿ ಕೆಲಸಕ್ಕಿಳಿಯಿತು. ಮೇಯಿಸಬೇಡಿ ಅಂತ ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಮೇವಿಗೆ ಅವರಿಗೆ ಬೇರೆ ಜಾಗ ಇರಲಿಲ್ಲ.

ಹೂಳು ತಡೆಯಲು ಹಾಕಿದ ಸಣ್ಣ ಒಡ್ಡಿನ ಹಿಂದೆ ನೀರು ನಿಂತಾಗ ಕಥೆ ತಿರುಗಿತು. ಆ ನೀರು ಹೊಲಕ್ಕೆ ಹರಿದು ಬೆಳೆ ಹೆಚ್ಚಿತು. ಗುಡ್ಡ ಬೋಳಾದರೆ ಒಡ್ಡು ತುಂಬಿಹೋಗುತ್ತದೆ, ನಮ್ಮದೇ ನೀರು ಹೋಗುತ್ತದೆ ಅನ್ನುವುದು ಊರಿಗೆ ಅರ್ಥವಾಯಿತು. ಮುಳ್ಳಿನ ಬೇಲಿ ಇಲ್ಲದೆಯೇ ಗುಡ್ಡಕ್ಕೆ ದನ ಬಿಡುವುದು ನಿಂತಿತು. ಆದರೆ ಹೊಲವೇ ಇಲ್ಲದವರಿಗೆ ನೀರಿನಿಂದ ಏನು ಲಾಭ? ಆಡು ಬಿಟ್ಟು ಅವರು ಉಣ್ಣುವುದೇನು? ಊರಿನವರು ಕಂಡುಕೊಂಡ ದಾರಿ ಇದು: ಹೊಲ ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಹೊಲವಿಲ್ಲದವರು ತಮ್ಮ ಪಾಲನ್ನು ಹೊಲವಿದ್ದವರಿಗೆ ಮಾರಬಹುದು. ಗುಡ್ಡ ಕಾಯುವುದರಲ್ಲಿ ಈಗ ಎಲ್ಲರಿಗೂ ಪಾಲು ಸಿಕ್ಕಿತು. ಹುಲ್ಲು ಬೆಳೆಯಿತು. ಆಡುಗಳ ಜಾಗಕ್ಕೆ ಎಮ್ಮೆಗಳು ಬಂದವು, ಹಾಲು ಹೆಚ್ಚಿತು, ಕೆರೆಗೆ ಬರುವ ಹೂಳೂ ಇಳಿಯಿತು. ಚಂಡೀಗಢದ ಕೆರೆ ಉಳಿಸುವ ಕೆಲಸ ಶುರುವಾದದ್ದು ಸುಖೋಮಾಜ್ರಿಯ ಬಡವರ ಅಡುಗೆಮನೆಯಿಂದ ಅಂದರೆ ತಪ್ಪಾಗದು.

ಒಂದು ಹಕ್ಕಿಗೆ ಎಷ್ಟು ಹೊಲ ಬೇಕು?

ನೆದರ್ಲೆಂಡ್ಸ್‌ನವರು ಇದೇ ಪ್ರಶ್ನೆಯನ್ನು ಆಡಳಿತದ ಕಡೆಯಿಂದ ಬಿಡಿಸಿದರು. ಅಲ್ಲಿ ಗ್ರುಟ್ಟೊ ಎಂಬ ನೀಳಕಾಲಿನ ಹಕ್ಕಿ ಹುಲ್ಲುಗಾವಲಿನಲ್ಲಿ ಗೂಡು ಮಾಡುತ್ತದೆ. ಮರಿಗಳಿಗೆ ಎತ್ತರದ, ಹುಳಹುಪ್ಪಟೆ ತುಂಬಿದ ಹುಲ್ಲು ಬೇಕು. ಸುತ್ತಲಿನವರೆಲ್ಲ ಒಂದೇ ವಾರ ಯಂತ್ರ ಬಿಟ್ಟು ಹುಲ್ಲು ಕೊಯ್ದರೆ ಮರಿಗಳಿಗೆ ಅಡಗಲು ಜಾಗವಿಲ್ಲ. ಒಬ್ಬ ರೈತ ಒಂದು ಮೂಲೆಯಲ್ಲಿ ಹುಲ್ಲು ಬಿಟ್ಟರೂ ಸಾಕಾಗುವುದಿಲ್ಲ. ಒಂದು ಕಡೆ ನೀರು ನಿಂತ ಗದ್ದೆ, ಪಕ್ಕದಲ್ಲಿ ತಡವಾಗಿ ಕೊಯ್ಯುವ ಹುಲ್ಲು, ಅದರ ಪಕ್ಕ ದನ ಮೇಯುವ ಜಾಗ, ಹೀಗೆ ಹೊಂದಿಸಬೇಕು. ಇದಕ್ಕೆ ನೆರೆಹೊರೆಯವರು ಮಾತಾಡಿಕೊಳ್ಳಲೇಬೇಕು.

ಮೊದಲು ಸರ್ಕಾರ ಒಬ್ಬೊಬ್ಬ ರೈತನ ಅರ್ಜಿ ತೆಗೆದುಕೊಂಡು ಹಣ ಕೊಡುತ್ತಿತ್ತು. ಸಾವಿರಾರು ಕಡತ, ಹೊಲಗಳೆಲ್ಲ ಚದುರಿದ್ದವು. 2016ರಿಂದ ಆ ಪದ್ಧತಿ ನಿಲ್ಲಿಸಿ, ದೇಶಕ್ಕೆಲ್ಲ ಸೇರಿ 40 ರೈತ ಒಕ್ಕೂಟಗಳ ಜೊತೆ ಮಾತ್ರ ಒಪ್ಪಂದ ಮಾಡಿಕೊಳ್ಳುತ್ತದೆ. ಮುಂಬಾಗಿಲಲ್ಲಿ ಸರ್ಕಾರ ಮತ್ತು ಒಕ್ಕೂಟ, ಹಿಂಬಾಗಿಲಲ್ಲಿ ಒಕ್ಕೂಟ ಮತ್ತು ರೈತರು. ಈ ವರ್ಷ ಗೂಡು ಎಲ್ಲಿ ಹೆಚ್ಚಿದೆ ನೋಡಿ ಒಕ್ಕೂಟವೇ ಆ ಹೊಲದವನಿಗೆ ಫೋನ್ ಮಾಡಿ, ಇನ್ನೆರಡು ವಾರ ಕೊಯ್ಯಬೇಡ ಎಂದು ಹೇಳಬಹುದು. ಇಷ್ಟಾದರೂ ಗ್ರುಟ್ಟೊಗಳ ಸಂಖ್ಯೆ ಒಟ್ಟಾರೆ ಇಳಿಯುತ್ತಲೇ ಇದೆ. ಒಕ್ಕೂಟ ಹಿಡಿದಿರುವ ಭೂಮಿಯ ಹೊರಗೆ ಬೇಸಾಯ ಇನ್ನೂ ಬಿರುಸಾಗಿಯೇ ಇದೆಯಲ್ಲ. ಒಳ್ಳೆಯ ವ್ಯವಸ್ಥೆ ಇದ್ದರೂ ಅದು ಹಿಡಿಯುವ ಭೂಮಿ ಸಾಲದಿದ್ದರೆ ಫಲ ಕಾಣುವುದಿಲ್ಲ.

ಭೂಮಿಯೇ ಕೈತಪ್ಪಿದರೆ

ಇಲ್ಲಿವರೆಗೆ ಹೇಳಿದ್ದು ಬೇಸಾಯದ ಕ್ರಮ. ಹೊಲವೇ ಲೇಔಟ್ ಆಗಿಬಿಟ್ಟರೆ ಯಾವ ಕ್ರಮವೂ ಉಪಯೋಗಕ್ಕೆ ಬರುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಮರಿನ್ ಕೌಂಟಿಯಲ್ಲಿ ಡೇರಿ ಭೂಮಿಯ ಮೇಲೆ ನಗರದ ಕಣ್ಣು ಬಿದ್ದಿತ್ತು. ಫಿಲಿಸ್ ಫೇಬರ್ ಎಂಬ ಜೀವವಿಜ್ಞಾನಿ ಮತ್ತು ಎಲೆನ್ ಸ್ಟ್ರಾಸ್ ಎಂಬ ಡೇರಿ ನಡೆಸುವ ರೈತ ಮಹಿಳೆ ಸೇರಿ 1980ರಲ್ಲಿ ಒಂದು ಕೃಷಿಭೂಮಿ ಟ್ರಸ್ಟ್ ಕಟ್ಟಿದರು. ಟ್ರಸ್ಟ್ ರೈತನಿಂದ ಹೊಲ ಕೊಳ್ಳುವುದಿಲ್ಲ. ಅದರ ಮೇಲೆ ಕಟ್ಟಡ ಕಟ್ಟುವ ಹಕ್ಕನ್ನು ಮಾತ್ರ ಕೊಳ್ಳುತ್ತದೆ, ಕೊಂಡು ಆ ಹಕ್ಕನ್ನು ಬಳಸದೆ ಇಟ್ಟುಬಿಡುತ್ತದೆ. ಹೊಲ ರೈತನ ಹೆಸರಲ್ಲೇ ಇರುತ್ತದೆ. ಮಾರಬಹುದು, ಮಕ್ಕಳಿಗೆ ಕೊಡಬಹುದು. ಬಂದ ದುಡ್ಡಲ್ಲಿ ಸಾಲ ತೀರಿಸಬಹುದು, ಒಡಹುಟ್ಟಿದವರಿಗೆ ಪಾಲು ಕೊಟ್ಟು ಹೊಲ ಒಡೆಯದಂತೆ ನೋಡಿಕೊಳ್ಳಬಹುದು.

ಇಲ್ಲೂ ಒಬ್ಬನಿಂದ ಆಗುವುದಿಲ್ಲ. ಡೇರಿಗೆ ಪಶುವೈದ್ಯ ಬೇಕು, ಮೇವಿನ ವ್ಯಾಪಾರಿ ಬೇಕು, ಹಾಲಿನ ಲಾರಿ ದಿನಾ ಬರಬೇಕು. ಸುತ್ತಲಿನ ಅರ್ಧ ಜನ ಮಾರಿ ಹೋದರೆ ಉಳಿದವರಿಗಾಗಿ ಲಾರಿ ಅಷ್ಟು ದೂರ ಬರುವುದಿಲ್ಲ. ಹಾಗಾಗಿ ಒಂದು ಸೀಮೆಯಲ್ಲಿ ಸಾಕಷ್ಟು ಹೊಲ ಒಟ್ಟೊಟ್ಟಿಗೇ ಉಳಿಯಬೇಕು.

ಅಮೆರಿಕ 2014ರ ಕೃಷಿ ಕಾನೂನಿನಲ್ಲಿ ಇಂಥ ಕೆಲಸಗಳಿಗೆಂದೇ ಪ್ರಾದೇಶಿಕ ಸಂರಕ್ಷಣಾ ಸಹಭಾಗಿತ್ವ ಕಾರ್ಯಕ್ರಮ ತಂದಿತು. ಸ್ಥಳೀಯ ಸಂಘ, ನಗರ, ಕಂಪನಿ, ವಿಶ್ವವಿದ್ಯಾಲಯ ಯಾರಾದರೂ ಸೇರಿ ತಮ್ಮ ಸೀಮೆಗೆ ಯೋಜನೆ ಬರೆಯುತ್ತಾರೆ, ತಮ್ಮ ಪಾಲಿನ ಹಣ ಅಥವಾ ಕೆಲಸ ತರುತ್ತಾರೆ, ಮಿಕ್ಕದ್ದು ಕೇಂದ್ರ ಕೊಡುತ್ತದೆ. 2022ರ ಕಾನೂನು ಇದಕ್ಕೆ ಇನ್ನೂ 495 ಕೋಟಿ ಡಾಲರ್ ಸೇರಿಸಿತು.

ಫಲ ಯಾಕೆ ತಡ?

ಒಳ್ಳೆಯ ಒಪ್ಪಂದಗಳನ್ನೂ ಕೆಡಿಸುವ ಸಂಗತಿ ಒಂದಿದೆ. ಹೊಲದಲ್ಲಿ ಇವತ್ತು ಮಾಡಿದ ಬದಲಾವಣೆ ಹೊಳೆಯಲ್ಲಿ ನಾಳೆ ಕಾಣುವುದಿಲ್ಲ. ಅಮೆರಿಕದ ಚೆಸಪೀಕ್ ಕೊಲ್ಲಿಯನ್ನು ನೋಡಿ. ಆರು ರಾಜ್ಯ ಮತ್ತು ರಾಜಧಾನಿಯ ನೀರು ಅಲ್ಲಿಗೆ ಸೇರುತ್ತದೆ, ಸುಮಾರು 1.66 ಲಕ್ಷ ಚದರ ಕಿಲೋಮೀಟರ್ ಪ್ರದೇಶ. ಮೊದಲ ಒಪ್ಪಂದ ಆದದ್ದು 1983ರಲ್ಲಿ. 2010ರಲ್ಲಿ ಮಾಲಿನ್ಯಕ್ಕೆ ಮಿತಿ ಹಾಕಿ 2025ರ ಗಡುವು ಕೊಟ್ಟರು. ಎಲ್ಲ ಗುರಿಗಳನ್ನೂ ಮುಟ್ಟಲಾಗಲಿಲ್ಲ. ಕೆಲಸ ಸಾಲದ್ದು ಒಂದು ಕಾರಣ. ಇನ್ನೊಂದು, ರೈತ ಇವತ್ತು ಗೊಬ್ಬರ ಕಡಿಮೆ ಮಾಡಿದರೂ, ಅವನ ಅಪ್ಪನ ಕಾಲದಲ್ಲಿ ಹಾಕಿದ ಸಾರಜನಕ ಇನ್ನೂ ಅಂತರ್ಜಲದಲ್ಲಿ ನಿಧಾನವಾಗಿ ಹೊಳೆಯ ಕಡೆ ಬರುತ್ತಿದೆ. ಕೆಲವೆಡೆ ಆ ಪಯಣಕ್ಕೆ ಹತ್ತಾರು ವರ್ಷ ಹಿಡಿಯುತ್ತದೆ. ಐದು ವರ್ಷದ ಯೋಜನೆ ಮುಗಿದಾಗ ನೀರಿನ ಪರೀಕ್ಷೆ ಮಾಡಿ "ಏನೂ ಆಗಿಲ್ಲ" ಎಂದು ಬರೆದರೆ ಅದು ರೈತರಿಗೆ ಮಾಡುವ ಅನ್ಯಾಯ.

ಕೆಲವೊಮ್ಮೆ ಕೆಲಸವೇ ತಪ್ಪು ಜಾಗದಲ್ಲಿ ಆಗಿರುತ್ತದೆ. ಹೊಳೆಯಂಚಿಗೆ ಹುಲ್ಲು, ಮರದ ಪಟ್ಟಿ ಬೆಳೆಸಿದರೆ ಮೇಲ್ಮೈಯಲ್ಲಿ ಹರಿದು ಬರುವ ಮಣ್ಣು, ರಂಜಕ ಅಲ್ಲೇ ನಿಲ್ಲುತ್ತದೆ. ಆದರೆ ಹೆಚ್ಚಾದ ನೀರು ಬಸಿದುಹೋಗಲಿ ಎಂದು ಹೊಲದ ಕೆಳಗೆ ಬಸಿಗೊಳವೆ ಹೂತಿದ್ದರೆ? ನೈಟ್ರೇಟ್ ತುಂಬಿದ ನೀರು ಆ ಹಸಿರು ಪಟ್ಟಿಯ ಅಡಿಯಲ್ಲೇ ನುಸುಳಿ ಹೊಳೆ ಸೇರುತ್ತದೆ. ಮೇಲಿಂದ ನೋಡಿದರೆ ಎಲ್ಲ ಹಸಿರು. ಅಂಥ ಕಡೆ ಹೊಲ ಖಾಲಿ ಬಿಡದೆ ಹೊದಿಕೆ ಬೆಳೆ ಹಾಕಬೇಕು, ಕೊಳವೆಯ ಬಾಯಿಯಲ್ಲಿ ಜೌಗು ಮಾಡಬೇಕು. ಸಾಮಾನ್ಯವಾಗಿ ಒಂದು ಕಣಿವೆಯ ಸ್ವಲ್ಪ ಭೂಮಿಯಿಂದಲೇ ಬಹುಪಾಲು ರಂಜಕ ಬರುತ್ತದೆ. ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದರೆ ಯಾರಿಗೂ ಬೇಸರವಿಲ್ಲ, ಹೊಳೆ ಮಾತ್ರ ಹಾಗೇ ಇರುತ್ತದೆ. ಆ ಕೆಲವೇ ಹೊಲಗಳಿಗೆ ಜಾಸ್ತಿ ಕೊಡಬೇಕಾದರೆ ಉಳಿದವರು ಒಪ್ಪಬೇಕು. ಅದಕ್ಕೆ ಬೇಕಾದ ನಂಬಿಕೆ ಒಂದೆರಡು ಸಭೆಯಲ್ಲಿ ಹುಟ್ಟುವುದಿಲ್ಲ.

ಆ ನಂಬಿಕೆ ಬೆಳೆಸುವವರು ಯಾರು? ಹೆಚ್ಚಿನ ಕಡೆ ಅದು ಒಬ್ಬ ಸಂಯೋಜಕ. ಹೊಲದಿಂದ ಹೊಲಕ್ಕೆ ಹೋಗಿ, ಸಂಜೆ ಹಟ್ಟಿಯಲ್ಲಿ ಕೂತು ಮಾತಾಡಿ, ಅರ್ಜಿ ತುಂಬಿಸಿ, ಜಗಳ ಬಿಡಿಸಿ, ಯಾವ ರೈತನ ಮಗಳು ಹೊಲಕ್ಕೆ ವಾಪಸ್ ಬರುವ ಯೋಚನೆಯಲ್ಲಿದ್ದಾಳೆ ಅನ್ನುವುದನ್ನೂ ತಿಳಿದಿರುವವರು. ಮರದ ಸಸಿಗೆ, ಬೇಲಿಗೆ, ಒಡ್ಡಿಗೆ ಹಣ ಸುಲಭವಾಗಿ ಮಂಜೂರಾಗುತ್ತದೆ, ಫೋಟೋ ತೆಗೆಯಬಹುದಲ್ಲ. ಬಜೆಟ್ ಬಿಗಿಯಾದಾಗ ಮೊದಲು ನಿಲ್ಲುವುದು ಈ ಮನುಷ್ಯನ ಸಂಬಳ. ಹಾಗಾಗಿ ನಿಮ್ಮ ಕಣಿವೆಯಲ್ಲಿ ಯಾರಾದರೂ ಇಂಥ ಸಹಭಾಗಿತ್ವದ ಕಾಗದ ತಂದರೆ, ಒಟ್ಟು ಎಷ್ಟು ಕೋಟಿ ಅಂತ ಕೇಳುವ ಮೊದಲು ಸಂಯೋಜಕರ ಸಂಬಳ ಎಷ್ಟು ವರ್ಷಕ್ಕೆ ಬರೆದಿದೆ ನೋಡಿ. ವಿಟ್ಟೆಲ್‌ನಲ್ಲಿ ಒಪ್ಪಂದದ ಅವಧಿ ಕಡಿಮೆ ಅಂದರೂ 18 ವರ್ಷ ಇತ್ತು.